ಏನಂತೆ?

ಬಟ್ಟೆ ಕತ್ತರಿಸುವಾಗ ಕತ್ತರಿ ಇಷ್ಟು ಸದ್ದು ಮಾಡುತ್ತದೆ ಎನ್ನುವುದು ಅವಳಿಗೆ ಮರೆತೇಹೋಗಿತ್ತು. ಮೇಜಿನ ಮೇಲೆ ಹಾಸಿದ್ದ ಕಪ್ಪು ಬಟ್ಟೆಗೆ ಸೀಮೆಸುಣ್ಣದಿಂದ ಗೆರೆ ಎಳೆದು, ಎಡಗೈಯಲ್ಲಿ ಅಂಚನ್ನು ಒತ್ತಿ ಹಿಡಿದು ಮೊದಲ ಕಚ್ಚು ಹಾಕಿದ್ದೇ ತಡ, ಯಾರೋ ಕಿವಿಯ ಪಕ್ಕದಲ್ಲೇ ಒಣಸೌದೆ ಸೀಳಿದಂತಾಗಿ ಕೈ ನಿಂತುಬಿಟ್ಟಿತು. ತಿರುಗಿ ನೋಡಿದಳು. ಹಿಂದೆ ಗೋಡೆ, ಗೋಡೆಗೆ ನೇತುಹಾಕಿದ ಅರ್ಧ ಹೊಲಿದ ಅಂಗಿಗಳು, ಅಷ್ಟೆ. ಮುಂದೆ, ಬೀದಿಗೆ ತೆರೆದ ಬಾಗಿಲ ಬಳಿ, ಕೌಂಟರಿನ ಹಿಂದೆ ಗಂಡ ಸ್ಟೂಲಿನ ಮೇಲೆ ಕೂತು ಪೇಪರು ಓದುತ್ತಿದ್ದ. ಅವನು ಹಾಳೆ ಮಗುಚಿದ. ಅದೂ ಸೌದೆ ಸೀಳಿದಂತೆಯೇ ಕೇಳಿಸಿತು. ಒಂದು ಹತ್ತಿರದ ಸದ್ದು, ಇನ್ನೊಂದು ದೂರದ್ದು ಎಂದು ಕಣ್ಣು ಹೇಳುತ್ತಿತ್ತು; ಕಿವಿ ಒಪ್ಪುತ್ತಿರಲಿಲ್ಲ. ಕಿವಿಯ ಲೆಕ್ಕದಲ್ಲಿ ಎಲ್ಲವೂ ಒಂದೇ ಕಡೆ, ತಲೆಯ ಒಳಗೇ ನಡೆಯುತ್ತಿತ್ತು. ಬೀದಿಯಲ್ಲಿ ಹೋದ ಸ್ಕೂಟರು ಕೂಡ ಬಲಗಿವಿಯಿಂದ ಒಳಗೆ ಬಂದು, ಹಣೆಯ ಹಿಂದೆ ಸ್ವಲ್ಪ ಹೊತ್ತು ನಿಂತು, ಎಡಗಿವಿಯಿಂದ ಹೊರಟುಹೋಯಿತು. ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟಳು, ಮೆಲ್ಲಗೆ, ಮಲಗಿದ ಮಗುವಿನ ಪಕ್ಕ ಇಡುವ ಹಾಗೆ. ಆದರೂ ಅದು ಠಣ್ಣೆಂದಿತು.

ಕಿವಿ ಮಷೀನು ಹಾಕಿಸಿಕೊಂಡು ಬಂದು ಇನ್ನೂ ವಾರ ತುಂಬಿರಲಿಲ್ಲ. ಆಸ್ಪತ್ರೆಯ ಸಣ್ಣ ಕೋಣೆಯಲ್ಲಿ, ಗೋಡೆಗೆಲ್ಲ ತೂತುತೂತಿನ ಹಲಗೆ ಬಡಿದ ಕಡೆ, ಕಿವಿ ನೋಡುವ ಹುಡುಗಿ ಕಡಲೆಬೀಜದಷ್ಟು ದಪ್ಪದ ಎರಡು ವಸ್ತುಗಳನ್ನು ಕಿವಿಗಳ ಹಿಂದೆ ಕೂರಿಸಿ, ಅವುಗಳ ಸಣ್ಣ ನಳಿಕೆಗಳನ್ನು ಒಳಕ್ಕೆ ತೂರಿಸಿ, ಕಂಪ್ಯೂಟರಿನಲ್ಲಿ ಏನೋ ಒತ್ತಿ, "ಈಗ ಹೇಗಿದೆ ಅಮ್ಮ?" ಎಂದು ಕೇಳಿದಳು. ಹೇಗಿದೆ? ತಗಡಿನ ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿ ಅದನ್ನೇ ಮಾತು ಎಂದು ಕರೆದಂತಿತ್ತು. "ಸರಿ ಇದೆ" ಎಂದಳು. ಆ "ಸರಿ ಇದೆ" ಯಾರೋ ಹೆಂಗಸು ನೀರಿನ ಡ್ರಮ್ಮಿನಲ್ಲಿ ತಲೆ ಹಾಕಿ ಅರಚಿದ ಹಾಗೆ ಕೋಣೆಯಲ್ಲೆಲ್ಲ ತುಂಬಿತು. ಅವಳು ಬೆಚ್ಚಿ, "ಯಾರದು?" ಎಂದು ಕೇಳಿದಳು. ಡ್ರಮ್ಮಿನ ಹೆಂಗಸೂ ಯಾರದು ಎಂದು ಕೇಳಿದಳು. ಹುಡುಗಿ ನಕ್ಕಳು, ಪಕ್ಕದಲ್ಲಿ ಕೂತಿದ್ದ ಗಂಡನೂ ನಕ್ಕ. ಎಷ್ಟೋ ವರ್ಷಗಳಿಂದ ನಗು ಎಂದರೆ ಅವಳ ಪಾಲಿಗೆ ಹಲ್ಲು ಮತ್ತು ಅಲ್ಲಾಡುವ ಹೆಗಲು, ಅಷ್ಟೇ ಆಗಿತ್ತು. ಈಗ ಅದಕ್ಕೆ ಸದ್ದೂ ಬಂದಿತ್ತು. ಸದ್ದಿರುವ ನಗು ತನ್ನ ಮೇಲೆಯೇ ಬಿದ್ದಾಗ ಮುಖ ಎಲ್ಲಿಡಬೇಕೋ ಗೊತ್ತಾಗದೆ ಚೀಲದ ಜಿಪ್ಪು ಎಳೆದಳು. ಜಿಪ್ಪೂ ಕಿರುಚಿತು. "ಮೊದಮೊದಲು ಹಿಂಸೆ ಅನ್ಸತ್ತೆ ಅಮ್ಮ" ಎಂದಳು ಹುಡುಗಿ. "ಕಿತ್ತು ಎಸೆಯೋಣ ಅನ್ಸತ್ತೆ. ಎಸೀಬೇಡಿ. ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹಾಕ್ಕೊಳ್ಳಿ. ಕಲೀಬೇಕಾಗಿರೋದು ಕಿವಿ ಅಲ್ಲ, ನಿಮ್ಮ ಮೆದುಳು. ಇಷ್ಟು ದಿನ ಅದು ನಿದ್ದೆ ಮಾಡ್ತಿತ್ತು." ನಿದ್ದೆ ಮಾಡುತ್ತಿತ್ತೆ? ಹಾಗಾದರೆ ಈ ಅಂಗಡಿ, ಈ ಮನೆ, ಮಗಳ ಓದು, ಇದನ್ನೆಲ್ಲ ನಡೆಸಿದ್ದು ಯಾರು?

ಮನೆಗೆ ಬಂದ ಮೇಲೆ ನೋಡಿದರೆ ಮನೆ ಮನೆಯಾಗಿರಲಿಲ್ಲ. ಫ್ರಿಜ್ಜು ಗೊಣಗುತ್ತಿತ್ತು. ಚಪ್ಪಲಿ ಚಟಪಟ ಎನ್ನುತ್ತಿತ್ತು. ಎಂಜಲು ನುಂಗಿದರೆ ಬಾವಿಗೆ ಕಲ್ಲು ಬಿದ್ದಂತೆ. ರೊಟ್ಟಿ ಅಗಿದರೆ ತನ್ನ ದವಡೆಯ ಸದ್ದಿನಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. ಕನ್ನಡಕದ ಕಡ್ಡಿಗೂ ಮಷೀನಿಗೂ ಕಿವಿಯ ಹಿಂದಿನ ಅದೇ ಬೆರಳಗಲ ಜಾಗಕ್ಕೆ ಜಗಳ. ಕನ್ನಡಕ ತೆಗೆದರೆ ಸೂಜಿಯ ಕಣ್ಣು ಕಾಣದು, ಹಾಕಿದರೆ ಸಂಜೆಯೊಳಗೆ ಚರ್ಮ ಕೆಂಪಾಗಿ ಉರಿ. ಕಿವಿಯೊಳಗೆ ಇರುವೆ ಹೊಕ್ಕಂಥ ತುರಿಕೆ. ಕೂದಲು ಸರಿಮಾಡಲು ಕೈ ಹತ್ತಿರ ಒಯ್ದರೆ, ಯಾರಾದರೂ ಮುಖ ಹತ್ತಿರ ತಂದರೆ, ಮಷೀನು ಕುಕ್ಕರಿನ ಹಾಗೆ ಕುಂಯ್ ಎಂದು ಸೀಟಿ ಹಾಕುತ್ತಿತ್ತು. ಹೊಲಿಗೆ ಮಷೀನು ಸಾಲದು ಅಂತ ಕಿವಿಗೂ ಒಂದೊಂದು ಮಷೀನಾಯಿತು, ಇನ್ನು ಎಣ್ಣೆ ಯಾವುದಕ್ಕೆ ಬಿಡೋದು ಎಂದು ಅವಳೇ ಮೊದಲ ದಿನ ತಮಾಷೆ ಮಾಡಿದ್ದಳು. ಎರಡನೆಯ ದಿನಕ್ಕೆ ತಮಾಷೆ ಬತ್ತಿಹೋಯಿತು. ಎಲ್ಲಕ್ಕಿಂತ ಹೆಚ್ಚಿನ ಕಾಟ ಗಂಡನದು. ಅವನು ಬಂದು ಬಂದು ಎದುರಿಗೆ ನಿಂತು, "ಕೇಳ್ತಾ ಇದೆಯಾ?" ಎನ್ನುತ್ತಿದ್ದ. ಒಳಕ್ಕೆ ಹೋಗಿ ಅಡುಗೆಮನೆಯಿಂದ, "ಈಗ ಕೇಳ್ತಾ ಇದೆಯಾ?" ಬಚ್ಚಲಿನಿಂದ, "ಈಗ?" ಹೊಸ ರೇಡಿಯೋ ತಂದವನ ಸಂಭ್ರಮ. ಮೂರನೆಯ ದಿನವೋ ನಾಲ್ಕನೆಯ ದಿನವೋ ಅವಳು ತಾಳಲಾರದೆ, "ತೆಗೆದಿಟ್ಟೆ ರೀ, ತಲೆನೋವು, ನನ್ನನ್ನ ಬಿಟ್ಟುಬಿಡಿ" ಎಂದಳು. ಅವನ ಮುಖ ಸಪ್ಪಗಾಯಿತು. ಸಪ್ಪಗಾಯಿತೋ, ಹಗುರಾಯಿತೋ? ಆಮೇಲೆ ಎಷ್ಟು ನೆನೆಸಿಕೊಂಡರೂ ಅದು ತಿಳಿಯಲಿಲ್ಲ. ಅವನು ಅತ್ತ ಹೋದ ಮೇಲೆ ಅವಳು ಅವುಗಳನ್ನು ಮತ್ತೆ ಹಾಕಿಕೊಂಡು, ಮೇಲೆ ಕೂದಲು ಇಳಿಬಿಟ್ಟಳು. ಕದ್ದು ಹಾಕಿಕೊಳ್ಳಬೇಕೆಂದು ಹಾಕಿಕೊಂಡದ್ದಲ್ಲ. ಹುಡುಗಿ ಹೇಳಿದ ಹಾಗೆ ದಿನಾ ಸ್ವಲ್ಪ ಹೊತ್ತು ಅಭ್ಯಾಸವಾಗಲಿ, ಆದರೆ ಆ ಪರೀಕ್ಷೆ ಬೇಡ, ಅಷ್ಟೆ. ಸಂಜೆ ಹೇಳಿದರಾಯಿತು ಎಂದುಕೊಂಡಿದ್ದಳು. ಸಂಜೆ ಹೇಳಲಿಲ್ಲ. ಮರುದಿನ ಹೇಳುವುದು ಇನ್ನೂ ಕಷ್ಟವಾಯಿತು.

ಯಾಕೆಂದರೆ ಅಷ್ಟರಲ್ಲಿ ಗಂಡನದೊಂದು ಉಸಿರು ಕೇಳಿಸಿತ್ತು. ಹೊಲಿಗೆ ಮಷೀನಿನ ಮುಂದೆ ಕೂತು, ಬಾಬಿನ್ನಿನ ದಾರ ಮುಗಿದದ್ದು ಕಂಡು, "ರೀ, ಬಿಳಿ ದಾರ ಕೊಡಿ" ಎಂದು ಎಂದಿನಂತೆ ಕೂಗಿದ್ದಳು. ಅವನು ಸ್ಟೂಲಿನಿಂದ ಏಳುವ ಮೊದಲು ಉಸ್ಸೆಂದು ದೊಡ್ಡದೊಂದು ಉಸಿರು ಬಿಟ್ಟ. ನಗುಮುಖದಲ್ಲಿ ಬಂದು ದಾರ ಕೊಟ್ಟ. ಆ ಮುಖಕ್ಕೂ ಈ ಉಸಿರಿಗೂ ಹೊಂದಿಕೆಯೇ ಇರಲಿಲ್ಲ. ಒಂದು ಅಂಗಿಗೆ ಇನ್ನೊಂದು ಅಂಗಿಯ ತೋಳು ಹಚ್ಚಿದ ಹಾಗಿತ್ತು. ಅವಳು ಮತ್ತೆ ಕರೆದು ನೋಡಿದಳು, "ರೀ, ಕರೆಂಟು ಹೋಗಿತ್ತಾ?" ಮತ್ತೆ ಉಸ್ಸೆಂದ. ಇದು ಬೇಸರದ್ದೋ, ಮಂಡಿನೋವಿನದ್ದೋ? ಇವತ್ತಿನದ್ದೋ, ಇಷ್ಟು ವರ್ಷ ಪ್ರತಿ ಸಲವೂ ಹೀಗೇ ಉಸ್ಸೆಂದಿದ್ದನೋ? ಕೇಳೋಣವೆಂದರೆ, ನಿನಗೆ ಹೇಗೆ ಕೇಳಿಸಿತು ಎನ್ನುತ್ತಾನೆ. ಅವತ್ತು ಅವಳು ದಾರ ಬೇಕಾದಾಗ ತಾನೇ ಎದ್ದು ಹೋಗಿ ತಂದುಕೊಂಡಳು. ಅವನು ಅಚ್ಚರಿಯಿಂದ ನೋಡಿದ.

ಇವತ್ತು, ಕತ್ತರಿಯನ್ನು ಮೇಜಿನ ಮೇಲಿಟ್ಟು ಅವಳು ಹೀಗೆ ನಿಂತಿದ್ದಾಗಲೇ, ವಕೀಲೆ ಬಂದಳು. ನಾಲ್ಕಾರು ವರ್ಷಗಳಿಂದ ಕರಿಕೋಟು ಇಲ್ಲೇ ಹೊಲಿಸುವವಳು, ಒಳಗೆ ಬರುತ್ತಲೇ ಮೇಜಿನ ಕಡೆ ಕೈ ಬೀಸಿ ನಗುವವಳು. ಇವತ್ತೂ ಕೈ ಬೀಸಿದಳು. ಚೀಲದಿಂದ ಹಳೆಯ ಕೋಟು ತೆಗೆದು ಕೌಂಟರಿನ ಮೇಲೆ ಹರಡಿ, ಗಂಡನಿಗೆ ಏನೋ ಹೇಳತೊಡಗಿದಳು. ಗೋಲಿಗಳು ಡಬ್ಬಿಯಲ್ಲಿ ಉರುಳಿದವು. ಆಸ್ಪತ್ರೆಯ ಹುಡುಗಿ ಹೇಳಿದ್ದಳು, ಪದ ಹಿಡಿಯಲು ಹೋಗಬೇಡಿ, ಸುಮ್ಮನೆ ಬಿಡಿ, ಅದೇ ಬಂದು ಕೂರುತ್ತದೆ ಎಂದು. ಅವಳು ತಲೆ ತಗ್ಗಿಸಿ ಸೀಮೆಸುಣ್ಣದ ಗೆರೆ ನೋಡುತ್ತ ಸುಮ್ಮನೆ ಬಿಟ್ಟಳು. "...ತೋಳು... ಕೈ ಎತ್ತೋಕೇ ಆಗಲ್ಲ... ಜಡ್ಜ್ ಮುಂದೆ ಬಗಲು ಹರಿದು..." ಎಂದು ಬಂತು. ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ, "ನಿಮ್ಮ ಮುಖ ನೋಡಿ ಬರ್ತಿದೀನಿ ಅಂಕಲ್, ಇಲ್ಲಾಂದ್ರೆ..." ಇಲ್ಲಾಂದರೆ ಏನು ಎನ್ನುವುದನ್ನು ಬೀದಿಯ ಹಾರ್ನು ತಿಂದುಕೊಂಡಿತು. ಗಂಡ, "ಇದೊಂದ್ಸಲ ನೋಡ್ಕೋತೀನಮ್ಮ, ನಾನೇ ನಿಂತು ಮಾಡಿಸ್ತೀನಿ" ಎಂದ. ಹೌದೇ? ಹಾಗೆಂದನೆ? ಅವನು ಕೋಟು ಹಿಡಿದು ಮೇಜಿನ ಬಳಿ ಬಂದ. ಅವಳು ತಲೆಯೆತ್ತಿ, ಅಭ್ಯಾಸದಂತೆ ಹುಬ್ಬು ಏರಿಸಿ, "ಏನಂತೆ?" ಎಂದಳು. ಅವನು ಎದುರು ನಿಂತು, ತುಟಿ ಅಗಲಿಸಿ, ದೊಡ್ಡ ದನಿಯಲ್ಲಿ ಹೇಳಿದ: "ಕೋಟು ತುಂಬಾ ಹಿಡಿಸ್ತಂತೆ! ತೋಳು ಒಂಚೂರು ಸಡಿಲ ಮಾಡ್ಬೇಕಂತೆ! ಇನ್ನೊಂದು ಬೇಕಂತೆ!" ವಕೀಲೆ ಕೌಂಟರಿನ ಆಚೆಯಿಂದ ಜೋರಾಗಿ ತಲೆಯಾಡಿಸಿ ನಕ್ಕಳು. ಅವಳೂ ನಕ್ಕಳು. ಮೂವರೂ ಸ್ವಲ್ಪ ಹೊತ್ತು ನಗುತ್ತಾ ನಿಂತಿದ್ದರು.

ವಕೀಲೆ ಹೋದ ಮೇಲೆ ಅವಳು ಕೋಟನ್ನು ಒಳಮಗುಚಿ ಬೆಳಕಿಗೆ ಹಿಡಿದಳು. ಬಲದೋಳಿನ ಬಗಲಿನಲ್ಲಿ ಹೊಲಿಗೆ ಬಿಟ್ಟಿತ್ತು. ಯಾರೋ, ಬಹುಶಃ ವಕೀಲೆಯೇ, ನೀಲಿ ದಾರದಲ್ಲಿ ದಪ್ಪದಪ್ಪ ಟಾಕಾ ಹಾಕಿಕೊಂಡಿದ್ದಳು. ತೋಳಿನ ಸುತ್ತು ಒಂದು ಕಡೆ ಎಳೆದು, ಇನ್ನೊಂದು ಕಡೆ ಸುಕ್ಕುಗಟ್ಟಿತ್ತು. ಕಲಿಯುವ ಹುಡುಗಿಯೊಬ್ಬಳು ಹೀಗೆ ತೋಳು ಕೂರಿಸಿದ್ದರೆ ತಾನು ಬಿಚ್ಚಿಸುತ್ತಿದ್ದೆ. ಇದು ತನ್ನ ಕೈಯೇ? ಕೈಗೆ ಏನಾಯಿತು, ಯಾವಾಗಿನಿಂದ? ಟೈಲರಮ್ಮನ ಕೈ ಅಂದ್ರೆ ಕೈ ಅಂತಾರಂತೆ, ಎಂದು ಅವನು ಹೇಳುತ್ತಿದ್ದ. ಈ ಬೀದಿಯಲ್ಲಿ ಅಂತಾರಂತೆ, ಆ ಬೀದಿಯಲ್ಲಿ ಅಂತಾರಂತೆ. ಅವಳ ಕಿವಿ ಮಂಕಾಗುತ್ತ ಬಂದ ಹಾಗೆಲ್ಲ ಲೋಕವು ಅವಳ ಬಗ್ಗೆ ಒಳ್ಳೆಯದನ್ನೇ ಆಡುತ್ತ ಬಂದಿತ್ತು. ಅದೇನೂ ಅವಳಿಗೆ ವಿಚಿತ್ರವೆನಿಸಿರಲಿಲ್ಲ. ಮೊದಲೆಲ್ಲ ಅಳತೆ ಕೊಡಲು ಬಂದವರು ಹೇಳಿದ್ದನ್ನು ಎರಡೆರಡು ಸಲ ಕೇಳುತ್ತಿದ್ದಳು. ಮೂರನೆಯ ಸಲ ಕೇಳುವಾಗ ಎದುರಿನವರ ಮುಖದಲ್ಲಿ ಮೂಡುವ ಆ ಸಣ್ಣ ಸಿಡುಕನ್ನು ನೋಡಲಾರದೆ, ಕೇಳಿಸಿತು ಎಂಬಂತೆ ತಲೆಯಾಡಿಸುತ್ತಿದ್ದಳು. ಹಾಗೆ ತಲೆಯಾಡಿಸಿ ಯಾರದೋ ಮೊಣಕಾಲುದ್ದದ ಅಂಗಿಯನ್ನು ಸೊಂಟದುದ್ದಕ್ಕೆ ಕತ್ತರಿಸಿದ ದಿನ, ಅವನು ತನ್ನ ಸ್ಟೂಲನ್ನು ಕೌಂಟರಿಗೆ ತಂದು ಹಾಕಿಕೊಂಡು, "ಇನ್ಮೇಲೆ ಮಾತು ನನ್ನದು, ಕತ್ತರಿ ನಿನ್ನದು" ಎಂದಿದ್ದ. ಎಷ್ಟು ಸುಖವಾಯಿತು ಆಗ. ಯಾರ ಬಾಯನ್ನೂ ನೋಡಬೇಕಿಲ್ಲ, ಇವನೊಬ್ಬನ ಬಾಯಿ ನೋಡಿದರೆ ಸಾಕು. ಉದ್ದುದ್ದ ಮಾತುಗಳು ಅವನೊಳಗೆ ಹೋಗಿ ಮೂರು ಪದವಾಗಿ ಹೊರಬರುತ್ತಿದ್ದವು. ಉಳಿದ ಪದಗಳು ಏನಾಗುತ್ತಿದ್ದವು ಎಂದು ಅವಳು ಯಾವತ್ತೂ ಕೇಳಿರಲಿಲ್ಲ. ಕತ್ತರಿಸಿದ ಮೇಲೆ ನೆಲಕ್ಕೆ ಬಿದ್ದ ಚೂರುಗಳನ್ನು ಯಾರು ಕೇಳುತ್ತಾರೆ? ಅಥವಾ ತನಗೇ ತಪ್ಪು ಕೇಳಿಸಿತೋ. ಮಷೀನು ಹೊಸದು, ಮೆದುಳು ಈಗಷ್ಟೇ ಎದ್ದಿದೆ; ವಕೀಲೆ ಹೇಳಿದ್ದು ಬೇರೆ ಯಾವುದೋ ಅಂಗಡಿಯ ಕೋಟಿನ ಬಗ್ಗೆ ಇರಬಹುದು. ಆದರೆ ನೀಲಿ ದಾರ ಕಣ್ಣೆದುರಿಗಿತ್ತು. ಕಣ್ಣಿಗೇನೂ ಮಷೀನು ಹಾಕಿಸಿರಲಿಲ್ಲ.

ಮಧ್ಯಾಹ್ನವಿಡೀ ತೋಳು ಬಿಚ್ಚುತ್ತ ಕೂತಳು. ಕೌಂಟರಿಗೆ ಯಾರು ಬಂದರೂ ಬಿಚ್ಚುವುದನ್ನು ನಿಲ್ಲಿಸಿ ಅತ್ತ ನೋಡುತ್ತಿದ್ದಳು. ಕಾಜಾ ಹಾಕಿಸಲು ಬಂದ ಮುದುಕರು ಏನೋ ಅಂದು ನಕ್ಕರು, ಗಂಡನೂ ನಕ್ಕ, ತನ್ನ ಬಗ್ಗೆಯೇ? ಕಿವಿ ನಿಮಿರಿಸಿದರೆ "ಮೊಮ್ಮಗ" ಎಂಬುದೊಂದೇ ಸಿಕ್ಕಿತು. ಅವನ ಬೆನ್ನನ್ನು ನೋಡಿದಳು. ಅಂಗಿಯ ಕಾಲರು ಸವೆದು, ಅವಳೇ ತಿರುಗಿಸಿ ಹೊಲಿದದ್ದು. ಅವನ ಮೇಲೆ ಸಿಟ್ಟು ಬರಬೇಕು ಎಂದುಕೊಂಡಳು, ಬಂತು ಕೂಡ, ಆದರೆ ಬಂದ ಸಿಟ್ಟು ಅವನ ಬೆನ್ನವರೆಗೆ ಹೋಗಿ ಏನು ಮಾಡಬೇಕೆಂದು ತಿಳಿಯದೆ ನಿಂತುಕೊಂಡಿತು. ಮೋಸ ಮಾಡಿದ್ದಾನೆ ಎಂದರೆ ಮೋಸದಿಂದ ಅವನಿಗೆ ಸಿಕ್ಕಿದ್ದೇನು? ಬೈಗುಳ ಅವನು ತಿಂದು, ಹೊಗಳಿಕೆ ತನಗೆ ತಂದುಕೊಟ್ಟಿದ್ದಾನೆ. ಹಾಗಾದರೆ ಒಳ್ಳೆಯದೇ ಮಾಡಿದ. ಆದರೆ ಒಳ್ಳೆಯದು ಎಂದು ಒಪ್ಪಿಕೊಳ್ಳಲೂ ಆಗಲಿಲ್ಲ. ಇಷ್ಟು ದಿನ ತನ್ನನ್ನು ಮಗುವಿನ ಹಾಗೆ ಆಡಿಸಿದ್ದಾರೆ, ಅವನೂ, ವಕೀಲೆಯೂ, ಇಡೀ ಬೀದಿಯೂ. ಕೈ ಬೀಸಿ ನಕ್ಕಿದ್ದೆಲ್ಲ ಅದಕ್ಕೇ. ಮತ್ತೆ, ಕೂದಲ ಕೆಳಗೆ ಮಷೀನು ಮುಚ್ಚಿಟ್ಟುಕೊಂಡು ಗಂಡನ ಮಾತನ್ನು ಕದ್ದು ಕೇಳುತ್ತ ಕೂತಿರುವ ತಾನು ಯಾವ ಸೀಮೆಯ ಸಾಚಾ? ಮಷೀನು ಕಿತ್ತು ಡಬ್ಬಿಗೆ ಹಾಕಿಬಿಡೋಣ ಎಂದು ಕೈ ಎತ್ತಿದಳು. ಕೈ ಹತ್ತಿರ ಬಂದದ್ದೇ ಸಣ್ಣಗೆ ಸೀಟಿ ಏಳತೊಡಗಿತು. ಕೈ ಇಳಿಸಿದಳು.

ಸಂಜೆ ಅಂಗಡಿಯ ಬಾಗಿಲು ಅರ್ಧ ಎಳೆದು, ಇಬ್ಬರೂ ಒಳಕೋಣೆಯಲ್ಲಿ ಕೂತಿದ್ದಾಗ ಮಗಳ ಫೋನು ಬಂತು. ಮಗಳನ್ನು ಮನೆಯಲ್ಲಿ ಮರಿ ಎಂದೇ ಕರೆಯುವುದು. ಬೇರೆ ಊರಿನಲ್ಲಿ, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಇವರಿಗೆ ಹಿಡಿಸದ ಹುಡುಗನನ್ನು ತಾನೇ ಆರಿಸಿಕೊಂಡು ಮದುವೆಯಾಗಿ ಹೋದವಳು, ಆಮೇಲೆ ಮನೆಗೆ ಬಂದಿರಲಿಲ್ಲ. ಅಪ್ಪನ ಜೊತೆ ಫೋನಿನಲ್ಲಿ ಮಾತು, ಅಮ್ಮನಿಗೆ ಅಪ್ಪನ ಬಾಯಿಂದ ಸುದ್ದಿ. ಫೋನು ಹಿಡಿದರೆ ಕಿವಿ ಬಿಸಿಯಾಗುತ್ತದೆ ಎಂದು ಅವನು ಯಾವಾಗಲೂ ಸ್ಪೀಕರು ಹಾಕಿ ಮೇಜಿನ ಮೇಲಿಟ್ಟುಕೊಳ್ಳುವವನು. ಕೇಳಿಸಿಕೊಳ್ಳುವವರು ಯಾರೂ ಇರದ ಮನೆಯಲ್ಲಿ ಅದರಿಂದ ಏನು ತೊಂದರೆ? ಅವಳು ಕೋಟಿನ ಗುಂಡಿ ಹಚ್ಚುತ್ತಿದ್ದಳು. ಫೋನಿನಿಂದ ಒಂದು ತೆಳ್ಳನೆಯ, ಒರಟಾದ ದನಿ ಬಂತು. ಇದು ಮರಿಯೇ? ಅವಳ ನೆನಪಿನಲ್ಲಿದ್ದ ದನಿ ದುಂಡಗಿತ್ತು. ಬೇರೆ ಯಾರೋ ಇರಬೇಕು ಎಂದುಕೊಳ್ಳುವಷ್ಟರಲ್ಲಿ ಆ ದನಿ, "ಅಪ್ಪಾ, ಅಮ್ಮಂಗೆ ಹೇಳಿದ್ಯಾ?" ಎಂದಿತು.

"ಹೇಳ್ದೆ ಮರಿ" ಎಂದ ಅವನು.

"ಏನಂದ್ಳು?"

"ಏನಂತಾಳೆ. ಅವಳ ಸ್ವಭಾವ ನಿಂಗೆ ಗೊತ್ತಲ್ಲ."

"ಬೇಡ ಅಂದ್ಳಾ?"

"ಬೇಡ ಅಂತಲ್ಲ. ಸ್ವಲ್ಪ ದಿನ ಹೋಗ್ಲಿ ಅಂದ್ಳು."

ಸೂಜಿ ಗುಂಡಿಯ ತೂತಿನಲ್ಲಿ ನಿಂತಿತು. ತಾನು ಯಾವಾಗ ಅಂದೆ? ಏನನ್ನು? ಮಗಳ ಮಾತು ಈಗ ಬೇಗಬೇಗ ಬರುತ್ತಿತ್ತು, ತುಂಡು ತುಂಡಾಗಿ, ನಡುನಡುವೆ ಫ್ರಿಜ್ಜಿನ ಗೊಣಗಾಟ ತುಂಬಿಕೊಂಡು. "...ಸ್ವಲ್ಪ ದಿನ ಅಂದ್ರೆ ಎಷ್ಟು ದಿನ... ಹಾಸ್ಟೆಲ್ಲಲ್ಲಿ ಒಂದು ಮಂಚ... ಅವನ ಮನೆಗಂತೂ ವಾಪಸ್ ಹೋಗಲ್ಲ, ಸತ್ರೂ ಹೋಗಲ್ಲ... ನಾನೇನು ಜೀವನಪೂರ್ತಿ ಇರ್ತೀನಿ ಅಂದ್ನಾ? ನಾಲ್ಕು ದಿನ ನನ್ನ ಮನೇಲಿ ಮಲಗಬೇಕು, ಅಷ್ಟೆ." ಆಮೇಲೆ, "ಫೋನು ಅಮ್ಮಂಗೆ ಕೊಡು. ನಾನೇ ಕೇಳ್ತೀನಿ."

"ಅವಳಿಗೆ ಎಲ್ಲಿ ಕೇಳ್ಸತ್ತೆ, ಮರಿ."

"ಮಷೀನು ಹಾಕ್ಸಿದೀನಿ ಅಂದ್ಯಲ್ಲ?"

"ಹಾಕ್ಕೊಳಲ್ಲ ಅವಳು. ತೆಗೆದಿಟ್ಟಿದಾಳೆ. ನಾಳೆ ಮಾಡ್ತೀನಿ, ಇಡು."

ಫೋನು ಕತ್ತಲಾಯಿತು. ಆಮೇಲೆ ಆ ಉಸಿರು, ಉಸ್ಸೆಂದು. ಎದ್ದು ಬಂದು, ಬಲಗಡೆ ನಿಂತು, ಹೇಗೆ ಎಷ್ಟೋ ವರ್ಷಗಳಿಂದ ಬಗ್ಗುತ್ತಿದ್ದನೋ ಹಾಗೇ ಅವಳ ಕಿವಿಯ ಬಳಿ ಬಗ್ಗಿದ. "ಮರಿ ಫೋನು. ಚೆನ್ನಾಗಿದಾಳಂತೆ. ಲ್ಯಾಬಲ್ಲಿ ಕೆಲಸ ಜಾಸ್ತಿ..." ಎನ್ನುವಷ್ಟರಲ್ಲಿ ಮಷೀನು ಕುಂಯ್ ಎಂದು ಕೂಗಿಕೊಂಡಿತು.

ಅವನು ಬಗ್ಗಿದ್ದಲ್ಲೇ ನಿಂತ. ಅವಳು ಕದಲಲಿಲ್ಲ. ಸೀಟಿ ಇಬ್ಬರ ನಡುವೆ ತೆಳ್ಳಗೆ ಎಳೆಯುತ್ತ ಹೋಯಿತು. ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದ ಮೇಲೆ ನಿಂತಿತು. ಅವನು ಕೈಚಾಚಿ, ಬೆರಳ ತುದಿಯಿಂದ ಅವಳ ಕೂದಲನ್ನು ಸರಿಸಿ ನೋಡಿದ. ಮದುವೆಯಾದ ಹೊಸದರಲ್ಲಿ ಹೀಗೆ ಕೂದಲು ಸರಿಸುತ್ತಿದ್ದ ಎಂದು ಅವಳಿಗೆ ನೆನಪಾಗಿ, ಈ ಹೊತ್ತಿನಲ್ಲಿ ಅದು ಯಾಕೆ ನೆನಪಾಗಬೇಕು ಎಂದು ಇರಿಸುಮುರಿಸಾಯಿತು.

"ಹಾಕ್ಕೊಂಡಿದೀಯ" ಎಂದ.

"ನಾನು ಯಾವಾಗ ರೀ ಬೇಡ ಅಂದೆ?"

ಅವನು ಕುರ್ಚಿಯ ಮೇಲೆ ಕೂತ. ಕುರ್ಚಿ ಕಿರ್ರೆಂದಿತು. "ಯಾವಾಗಿಂದ ಹಾಕ್ಕೊಂಡಿದೀಯ?"

"ಅದು ಆಮೇಲೆ. ಮರಿ ಆ ಮನೆ ಬಿಟ್ಟು ಬಂದಿದಾಳೆ. ಬಿಟ್ಟು ಬಂದು ಎಷ್ಟು ದಿನ ಆಯ್ತು? ನನಗೆ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ?" ಎಂದ ಅವನು. ದನಿ ತಟ್ಟನೆ ಏರಿತು. ಅವನು ಅವಳ ಜೊತೆ ಮಾತಾಡುವ ದೊಡ್ಡ ದನಿಯಲ್ಲ ಇದು, ಬೇರೆ. ಇಷ್ಟು ದಿನ ಅವಳಿಗೆ ಗೊತ್ತಿರದ ಒಂದು ಸೀಳು ದನಿ. "ನಿನಗೆ ಉಪ್ಪು ಕೊಡು ಅನ್ನೋದನ್ನೂ ಕೂಗಿ ಹೇಳ್ಬೇಕು. ಮಗಳು ಗಂಡನ್ನ ಬಿಟ್ಟಳು ಅಂತ ಕೂಗಿ ಹೇಳ್ಲಾ? ಪಕ್ಕದ ಮನೆಯವರು ಗೋಡೆ ಆಚೆ ಕೂತಿರ್ತಾರೆ. ಕಿವಿ ಹತ್ರ ಬಂದು ಹೇಳೋಣ ಅಂತ ಎಷ್ಟು ಸಲ ಬಂದೆ. ಬಾಯಿ ತೆಗೆದ್ರೆ ನೀನು ಅಯ್ಯೋ ಅಂತ ಕಿರುಚ್ತೀಯ ಅಂತ ಹೆದರಿಕೆ. ನೀನು ಕಿರುಚಿದ್ರೆ ಹೇಗಿರತ್ತೆ ಅಂತ ನಿನಗೆ ಗೊತ್ತಿಲ್ಲ."

"ಅದಕ್ಕೆ ನನ್ನ ಬಾಯಲ್ಲಿ ಬೇಡ ಅನ್ನಿಸಿದ್ರಾ?"

"ಬೇಡ ಅಂದಿದ್ದು ನೀನೇ ಅಲ್ವಾ?" ಅವನು ಅವಳ ಮುಖವನ್ನು ನೋಡದೆ ಹೇಳಿದ. "ಅವಳು ಹೊರಟ ದಿನ. ಬಾಗಿಲಲ್ಲಿ ನಿಂತು. ವಾಪಸ್ ಬರಬೇಡ ಅಂತ. ಇಡೀ ಬೀದಿ ನಿಂತು ನೋಡ್ತಿತ್ತು."

ಅವಳು ಕೋಟನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟಳು. ಆ ದಿನ ಬಾಗಿಲಲ್ಲಿ ನಿಂತದ್ದು ನೆನಪಿದೆ. ಬಿಸಿಲಿತ್ತು, ಮಗಳ ಸೂಟ್‌ಕೇಸಿನ ಒಂದು ಗಾಲಿ ಮುರಿದಿತ್ತು, ಆಟೋದವನು ಬೇಗ ಬೇಗ ಎಂದು ಕೈ ಮಾಡುತ್ತಿದ್ದ. ತಾನು ಮಗಳ ಹೆಗಲ ಮೇಲೆ ಕೈಯಿಟ್ಟು, ಅವಳಿಗೊಬ್ಬಳಿಗೇ ಕೇಳುವಂತೆ, ಮೆಲ್ಲಗೆ, ಹೋಗಬೇಡ ಎಂದಿದ್ದೆ. ಹೋಗಬೇಡ. ಮಗಳ ಮುಖ ಅದನ್ನು ಕೇಳಿ ಕಪ್ಪಿಟ್ಟಿತು, ಕೈ ಕೊಡವಿಕೊಂಡು ಹತ್ತಿ ಕೂತಳು. ಹೋಗಬೇಡ ಎಂದವಳ ಮೇಲೆ ಇಷ್ಟು ಸಿಟ್ಟು ಯಾಕೆ ಎಂದು ಅವಳು ಎಷ್ಟೋ ದಿನ ತಲೆ ಕೆಡಿಸಿಕೊಂಡಿದ್ದಳು. "ನಾನು ಹೋಗಬೇಡ ಅಂದೆ" ಎಂದಳು.

"ಬರಬೇಡ ಅಂದೆ."

"ಹೋಗಬೇಡ ಅಂದೆ ರೀ. ಮೆಲ್ಲಗೆ ಅಂದೆ."

"ಮೆಲ್ಲಗೆ!" ಎಂದು ಅವನು ನಕ್ಕ. ನಗು ಅರ್ಧಕ್ಕೆ ಏನೋ ಆಗಿ ನಿಂತಿತು. "ಎದುರುಮನೆ ಮಹಡಿಯಿಂದ ಇಣುಕಿದ್ರು ಕಣೇ. ಎರಡೂ ಅಂದಿರಬಹುದು. ನನಗೆ ಕೇಳಿದ್ದು ಬರಬೇಡ ಅಂತ."

ಯಾರ ಕಿವಿಯನ್ನು ನಂಬುವುದು? ಆ ದಿನ ತನ್ನ ಬಾಯಿಂದ ಹೊರಬಿದ್ದದ್ದು ತನಗೆ ಕೇಳಿಸಿರಲಿಲ್ಲ. ಎದೆಯಲ್ಲಿ ಇದ್ದದ್ದೇ ಬಾಯಲ್ಲೂ ಬಂತು ಎಂದುಕೊಂಡಿದ್ದಳು. ಇರಬಹುದು, ಹೋಗಬೇಡ ಎಂದು ಎರಡು ಸಲ ಅಂದು, ಅವಳು ಹತ್ತಿ ಕೂತದ್ದು ಕಂಡು, ಮೂರನೆಯ ಸಲ ಬೇರೆ ಮಾತು ಬಂದಿರಬಹುದು. ಸಿಟ್ಟಿತ್ತು, ಇರಲಿಲ್ಲವೆಂದರೆ ಸುಳ್ಳು. ಅಥವಾ ಆಸ್ಪತ್ರೆಯ ಕೋಣೆಯಲ್ಲಿ ಡ್ರಮ್ಮಿನಲ್ಲಿ ಅರಚಿದ ಆ ಹೆಂಗಸು "ಹೋಗಬೇಡ" ಎಂದು ಅರಚಿದರೆ ಅದು ಯಾರಿಗಾದರೂ "ಬರಬೇಡ" ಎಂದೇ ಕೇಳಿಸೀತು. ಗಂಡನನ್ನು ಬೈಯಲು ಬಾಯಿ ತೆಗೆದಳು. ಬೈಗುಳ ತನ್ನ ಕಿವಿಗೇ ಮೊದಲು ಬೀಳುತ್ತದೆಂದು ನೆನಪಾಗಿ ಮುಚ್ಚಿದಳು. ಅವನು ಮಂಡಿ ಸವರಿಕೊಳ್ಳುತ್ತ ಕೂತಿದ್ದ. ಅಪರಾಧಿಯ ಹಾಗೆ ಕೂತಿದ್ದಾನೆಯೆ, ದಣಿದವನ ಹಾಗೆಯೆ? "ನನಗೂ ಸಾಕಾಗಿದೆ ಕಣೇ" ಎಂದ, ತುಂಬ ಸಣ್ಣ ದನಿಯಲ್ಲಿ, ಅವಳಿಗೆ ಕೇಳಲೆಂದೋ ಕೇಳದಿರಲೆಂದೋ. "ಎಲ್ಲರ ಮಾತೂ ನನ್ನ ಬಾಯಲ್ಲೇ. ಯಾರು ಏನಂದ್ರು, ನಾನೇನಂದೆ, ಒಂದೊಂದ್ಸಲ ನನಗೇ ಗೊತ್ತಾಗಲ್ಲ."

"ವಕೀಲೆ ಕೋಟು ಹಿಡಿಸ್ಲಿಲ್ಲ ಅಂದ್ಳು" ಎಂದಳು ಅವಳು.

ಅವನು ತಲೆಯೆತ್ತಿದ.

"ಫೋನು ಕೊಡಿ."

ಮಗಳ ನಂಬರು ಒತ್ತಿ ಅವನೇ ಕೊಟ್ಟ. ಅವಳು ಅದನ್ನು ಕಿವಿಗೆ ಹಿಡಿದಳು, ಮಷೀನು ಅರಚಿತು. ತಿರುಗಿಸಿ ಹಿಡಿದಳು, ಇನ್ನೂ ಅರಚಿತು. ಅವನು ಎದ್ದು ಬಂದು ಸ್ಪೀಕರು ಹಾಕಿ, ಮೇಜಿನ ಮೇಲಿಟ್ಟು, ಹಿಂದಕ್ಕೆ ಸರಿದು ನಿಂತ. ರಿಂಗಿನ ಸದ್ದು ಕೋಣೆಯ ಮೂಲೆಮೂಲೆಗೆ ಬಡಿಯುತ್ತಿತ್ತು. ಏನು ಹೇಳುವುದೆಂದು ಅವಳು ಯೋಚಿಸಿರಲಿಲ್ಲ. ಹಣೆ ಬೆವೆತಿತ್ತು, ಮಷೀನು ಕೂತಲ್ಲಿ ಚರ್ಮ ಉರಿಯುತ್ತಿತ್ತು. ಆ ಕಡೆಯಿಂದ, "ಹೇಳಪ್ಪಾ" ಎಂದಿತು ತೆಳ್ಳನೆಯ ದನಿ.

"ಮರಿ" ಎಂದಳು. ಡ್ರಮ್ಮಿನ ಹೆಂಗಸು ಅರಚದಂತೆ ಗಂಟಲನ್ನು ಹಿಡಿದು, ತನಗೆ ಹಿತವಾಗುವಷ್ಟಕ್ಕೆ ತಗ್ಗಿಸಿ ಹೇಳಿದಳು.

"ಹಲೋ? ಯಾರು?"

"ನಾನು."

"ನಾನು ಅಂದ್ರೆ ಯಾರು? ಅಪ್ಪನ ಫೋನಲ್ವಾ ಇದು? ಯಾರು ಮಾತಾಡ್ತಿರೋದು? ಅಪ್ಪಂಗೆ ಏನಾಯ್ತು?"

ಅವಳು ಗಂಡನ ಕಡೆ ನೋಡಿದಳು. ಅವನು ಬಾಯಿ ತೆರೆದ. ಅವಳು ಕೈ ಅಡ್ಡ ಹಿಡಿದಳು. ಹೆತ್ತ ಮಗಳಿಗೆ ತನ್ನ ಗುರುತು ಸಿಗುತ್ತಿಲ್ಲ. ಮೆಲ್ಲಗೆ ಮಾತಾಡುವ ಅಮ್ಮನನ್ನು ಆ ಹುಡುಗಿ ಕಂಡದ್ದಾದರೂ ಯಾವಾಗ? ಗಾಬರಿಯಾದ ಆ ದನಿ ಹಲೋ ಹಲೋ ಎನ್ನುತ್ತಲೇ ಇತ್ತು. ಇನ್ನೊಂದು ಗಳಿಗೆ ತಡೆದರೆ ಇಟ್ಟುಬಿಡುತ್ತಾಳೆ. ಅವಳು ಎರಡೂ ಕೈಯಿಂದ ಮೇಜಿನ ಅಂಚು ಹಿಡಿದು, ಕಣ್ಣು ಮುಚ್ಚಿ, ಎದೆ ತುಂಬ ಗಾಳಿ ತೆಗೆದುಕೊಂಡು ಕೂಗಿದಳು: "ನಾನು ಕಣೇ, ನಿಮ್ಮಮ್ಮ! ಬಾ! ಮನೆಗೆ ಬಾ!"

ಕೂಗು ತಲೆಯೊಳಗೆ ತಟ್ಟೆಗಳ ರಾಶಿ ಕುಸಿದಂತೆ ಬಿತ್ತು. ಹಲ್ಲಿನ ಬುಡ ಝುಂ ಎಂದಿತು. ಗೋಡೆಯಾಚೆ ಯಾರದೋ ಮಾತು ತಟ್ಟನೆ ನಿಂತಿತು. ಹೀಗಿರುತ್ತದೆಯೇ ತಾನು ಕೂಗಿದರೆ? ಇಷ್ಟು ವರ್ಷ ಇವರಿಬ್ಬರೂ ಕೇಳಿಕೊಂಡಿದ್ದದ್ದು ಇದನ್ನೇ? ಕಣ್ಣು ಬಿಟ್ಟಳು. ಗಂಡ ಗೋಡೆಯ ಕಡೆ ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದ. ಫೋನಿನಿಂದ ಏನೋ ಬಂತು. ಅಳುವೋ ನಗುವೋ; ಮಷೀನಿಗೆ ಎರಡೂ ಒಂದೇ, ಗರಗರ ಎಂದಿತು. ಅದರೊಳಗೆ ಒಂದು ಮಾತೂ ಇತ್ತು, "ಬ" ಎಂದು ಶುರುವಾಗಿ ಎಲ್ಲೋ ಒದ್ದೆಯಾಗಿ ಮುಗಿಯಿತು. ಬರುತ್ತೇನೆ ಎಂದಳೆ? ಬರಲ್ಲ ಎಂದಳೆ? ಅವಳ ತಲೆ ತಾನಾಗಿಯೇ ಗಂಡನ ಬಾಯಿಯ ಕಡೆ ತಿರುಗಿತು. ಅವನ ತುಟಿ ಆಗಲೇ ಅಗಲವಾಗತೊಡಗಿತ್ತು. ಅವಳು ಪ್ರಯತ್ನಪಟ್ಟು ಮುಖವನ್ನು ಅಲ್ಲಿಂದ ಕಿತ್ತು, ಫೋನಿನ ಕಡೆ ತಂದಳು.

"ಮರಿ, ಗೊತ್ತಾಗ್ಲಿಲ್ಲ" ಎಂದಳು. "ಇನ್ನೊಂದ್ಸಲ ಹೇಳು."

"ಬರ್ತೀನಿ ಅಂದೆ."

"ಬೇಗ ಹೇಳ್ಬೇಡ. ಬಿಡಿಸಿ ಹೇಳು."

"ಬ-ರ್ತೀ-ನಿ. ಶನಿವಾರ." ಮೂಗು ಸೇದಿದ ಸದ್ದು. "ಅಮ್ಮ, ನಿಂಗೆ ನಿಜವಾಗ್ಲೂ ಕೇಳ್ತಿದೆಯಾ?"

ಕೇಳುತ್ತಿದೆಯೇ? ಫ್ರಿಜ್ಜು ಕೇಳುತ್ತಿತ್ತು, ಬೀದಿ ಕೇಳುತ್ತಿತ್ತು, ಗಂಡನ ಉಸಿರು ಕೇಳುತ್ತಿತ್ತು, ಅವೆಲ್ಲದರ ನಡುವೆ ಎಲ್ಲೋ ಮಗಳು. ಯಾವುದನ್ನು ಬಿಟ್ಟು ಯಾವುದನ್ನು ಕೇಳಬೇಕೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ. "ಅರ್ಧಂಬರ್ಧ" ಎಂದಳು. "ನೀನು ಹೇಳ್ತಾ ಹೋಗು."